ಮಗಳಿಗೆ ಹೇಳಬಾರದ ಹದ

ಅತ್ತೆ ತನ್ನ ತಲೆ ಬಾಚುತ್ತಾಳೆ ಎಂದು ಎರಡು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ಲುವಾ ನಕ್ಕುಬಿಡುತ್ತಿದ್ದಳು. ಈಗ ದಿನಾ ಬೆಳಿಗ್ಗೆ ಅದೇ ಆಗುತ್ತಿತ್ತು. ಅಂಗಳದಲ್ಲಿ ಕೆಂಪು ಬಣ್ಣ ಅದ್ದಿದ ಬಿದಿರ ಕಡ್ಡಿಯ ಕಟ್ಟುಗಳನ್ನು ಒಂದೊಂದಾಗಿ ನಿಲ್ಲಿಸಿ, ಬುಡ ಬಿಡಿಸಿ, ಬಿಸಿಲಿಗೆ ಅರಳಿಸುವ ಹೊತ್ತಿಗೆ ಸರಿಯಾಗಿ ಮುದುಕಿ ಹೊಸಿಲ ಮೇಲೆ ಬಂದು ಕೂರುತ್ತಿದ್ದಳು. ಕೈಯಲ್ಲಿ ಮರದ ಬಾಚಣಿಗೆ.

"ಸೆನ್, ಬಾರೇ ಇಲ್ಲಿ. ತಲೆ ನೋಡು, ಹುಲ್ಲಿನ ಮೆದೆ ಆಗಿದೆ. ನೋಡ್ದೋರು ತಾಯಿ ಇಲ್ದ ಮಗಳು ಅಂತಾರೆ."

ಸೆನ್ ಎಂದರೆ ಅತ್ತೆಯ ಮಗಳು. ಮದುವೆಯಾಗಿ ಇಪ್ಪತ್ತು ವರ್ಷವಾಯಿತು. ಗಂಡನ ಜೊತೆ ದಕ್ಷಿಣದಲ್ಲಿ, ಸೈಗಾನಿನಿಂದಲೂ ಆಚೆ, ಚಪ್ಪಲಿ ಕಾರ್ಖಾನೆಯ ಊರೊಂದರಲ್ಲಿ ಇದ್ದಾಳೆ. ಲುವಾ ಈ ಮನೆಯ ಸೊಸೆ. ಬಂದು ಹದಿನಾರು ವರ್ಷ. ಆ ಹದಿನಾರು ವರ್ಷದಲ್ಲಿ ಅತ್ತೆ ಥುವಾನ್ ಅವಳ ತಲೆಯನ್ನು ಮುಟ್ಟಿದ್ದು ಒಂದೇ ಸಲ, ಮದುವೆಯ ದಿನ, ಹೂವು ಸೊಟ್ಟಗಿದೆ ಎಂದು ಸರಿಮಾಡಲು.

ಮೊದಮೊದಲು ಲುವಾ ತಿದ್ದುತ್ತಿದ್ದಳು. "ಅಮ್ಮಾ, ನಾನು ಸೆನ್ ಅಲ್ಲ. ಲುವಾ."

"ಲುವಾ ಅಂದ್ರೆ ಆ ಸೊಸೆ ಹುಡುಗಿ ತಾನೇ? ಕಡ್ಡಿ ಅದ್ದೋಕೆ ಹೋಗಿರ್ಬೇಕು. ಬೆರಳು ಒಳ್ಳೇದು ಕಣೇ ಅವಳದು. ಅವಳು ಹೊಸೆದ ಕಡ್ಡಿ ಒಂದೂ ಮಧ್ಯದಲ್ಲಿ ಆರಲ್ಲ." ಮುದುಕಿ ದನಿ ತಗ್ಗಿಸುತ್ತಿದ್ದಳು. "ನೀನು ಹೇಳ್ಬೇಡ ಅವಳಿಗೆ. ತಲೆಗೇರುತ್ತೆ."

ಲುವಾ ಹೇಳುವುದಾದರೂ ಯಾರಿಗೆ? ಹದಿನಾರು ವರ್ಷ ಕಾದಿದ್ದ ಮಾತು ಕೊನೆಗೂ ಕಿವಿಗೆ ಬಿದ್ದಿತ್ತು, ಆದರೆ ಅದು ಅವಳಿಗೆ ಆಡಿದ ಮಾತಾಗಿರಲಿಲ್ಲ. ಬಾಚಣಿಗೆ ನೆತ್ತಿಯಿಂದ ಬೆನ್ನಿನವರೆಗೆ ಮೆಲ್ಲಗೆ ಇಳಿಯುತ್ತಿತ್ತು. ಕಣ್ಣು ಮುಚ್ಚಿಕೊಂಡರೆ ಹಾಯೆನಿಸುತ್ತಿತ್ತು. ಹಾಗೆ ಹಾಯೆನಿಸಿದ್ದಕ್ಕೇ ಆಮೇಲೆ ಅವಳಿಗೆ ತನ್ನ ಮೇಲೆ ಸಿಟ್ಟು ಬರುತ್ತಿತ್ತು. ಯಾಕೆಂದರೆ ಈ ಪ್ರೀತಿಯೇ ಅವಳ ಕಾಲಿಗೆ ತೊಡಕಾಗಿ ಬಿದ್ದಿತ್ತು.

ಆ ಊರಿನಲ್ಲಿ ಊದುಕಡ್ಡಿ ಹೊಸೆಯದ ಮನೆಯೇ ಇಲ್ಲ. ಮರದ ಹೊಟ್ಟು, ಜಿಗಟು ತೊಗಟೆಯ ಪುಡಿ, ನೀರು, ಇಷ್ಟು ಎಲ್ಲರ ಮನೆಯಲ್ಲೂ ಒಂದೇ. ಅದರ ಮೇಲೆ ಬೀಳುವ ಬೇರು, ತೊಗಟೆ, ಮೊಗ್ಗುಗಳ ಹದ ಮಾತ್ರ ಮನೆಮನೆಗೂ ಬೇರೆ. ಅದನ್ನು ಕಾಗದದಲ್ಲಿ ಬರೆಯುವುದಿಲ್ಲ. ಅತ್ತೆಯಾದವಳು ಸೊಸೆಯನ್ನು ಹದದ ಕೋಣೆಗೆ ಕರೆದು, ಚಿಲಕ ಹಾಕಿ, ಅಂಗೈ ಮೇಲೆ ಒಂದೊಂದು ಚಿಟಿಕೆ ಹಾಕಿ ಮೂಸಿಸಿ, ಬಾಯಲ್ಲಿ ಹೇಳಿಕೊಡಬೇಕು. ಬಾಗಿಲು ತೆಗೆಯುವ ಮುಂಚೆ ಅಂಗೈಯ ಪುಡಿಯನ್ನು ಊದಿಬಿಡಬೇಕು. ಮಗಳಿಗೆ ಹೇಳುವ ಹಾಗಿಲ್ಲ. ಮಗಳು ಇನ್ನೊಬ್ಬರ ಮನೆ ಬೆಳಗುವವಳು. ಅವಳ ಜೊತೆಗೆ ಹದವೂ ಹೊರಟುಹೋಗುತ್ತದೆ. ಪುಡಿ ಬೆರೆಸುವ ದಿನ ಊರಿನ ಹೆಣ್ಣುಮಕ್ಕಳನ್ನೆಲ್ಲ ಹೊರಗೆ ಆಡಲು ಅಟ್ಟುತ್ತಾರೆ. ಐದಾರು ವರ್ಷದ ಕೂಸಿಗೂ ಇದು ಗೊತ್ತು, ಯಾರೂ ಅಳುವುದಿಲ್ಲ.

ಥುವಾನ್ ಮನೆಯ ಕೋಣೆಯಲ್ಲಿ ಹತ್ತೊಂಬತ್ತು ಭರಣಿಗಳಿದ್ದವು. ಚಕ್ಕೆ, ಲವಂಗ, ಚಕ್ರಮೊಗ್ಗು, ಜಟಾಮಾಂಸಿ, ತುಂಗೆಗಡ್ಡೆ, ಪಚ್ಚಕರ್ಪೂರ, ಅಗರು... ಎಲ್ಲವನ್ನೂ ಕುಟ್ಟಿ ಜರಡಿ ಹಿಡಿದು ತುಂಬಿಸಿದವಳೇ ಲುವಾ. ಕಣ್ಣು ಕಟ್ಟಿದರೂ ಯಾವುದು ಯಾವುದೆಂದು ಹೇಳಬಲ್ಲಳು. ಗೊತ್ತಿಲ್ಲದ್ದು ಯಾವುದು ಎಷ್ಟು, ಯಾವುದರ ಮೇಲೆ ಯಾವುದು ಎನ್ನುವುದು. ಸಾಲದ್ದಕ್ಕೆ, "ಅದರಲ್ಲಿ ಐದಾರು ಸುಮ್ನೆ ಇಟ್ಟಿರೋದು, ಕದಿಯೋಕೆ ಬಂದೋರ ತಲೆ ಕೆಡಲಿ ಅಂತ" ಎಂದು ಅತ್ತೆಯೇ ಒಮ್ಮೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದಳು.

ಅತ್ತೆ ಹೇಳಿಕೊಡಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳು ಕೋಣೆಯ ಬಾಗಿಲಲ್ಲಿ ನಿಂತು ಕರೆದಿದ್ದಳು. "ಕೈ ತೊಳ್ಕೊಂಡು ಬಾ. ಚಿಲಕ ಹಾಕು." ಅಷ್ಟೇ ಮಾತು. ಹದಿಮೂರು ವರ್ಷ ಲುವಾ ಕಾದಿದ್ದ ಕರೆ ಅದು. ಆದರೆ ಅದೇ ಹೊತ್ತಿಗೆ ನದಿಯ ಕಡೆಯಿಂದ ಮೋಡ ಕವಿದಿತ್ತು, ಅಂಗಳದಲ್ಲಿ ನಾಲ್ಕು ಸಾವಿರ ಕಡ್ಡಿ ಅರಳಿಸಿಟ್ಟಿತ್ತು, ಒಳಗೆ ಮಗಳು ಮಿಯೆನ್ ಜ್ವರದಲ್ಲಿ ಮಲಗಿತ್ತು, ಗಂಡ ಲಾರಿ ಹತ್ತಿ ಗಡಿಯ ಕಡೆ ಹೋಗಿದ್ದ. ಹೊಸೆದ ಕಡ್ಡಿಗೆ ಮಳೆ ತಾಗಿದರೆ ಅದು ಕಡ್ಡಿಯಲ್ಲ, ಕೆಸರು. ಮನೆ ನಡೆಸುವ ಹೆಂಗಸಿಗೆ ಯಾವ ಕೆಲಸ ಮೊದಲು ಎಂದು ಯೋಚಿಸಲು ಪುರಸೊತ್ತಿರುವುದಿಲ್ಲ, ಕಾಲು ತಾನಾಗಿ ಓಡುತ್ತದೆ.

"ನಾಳೆ ಅಮ್ಮಾ, ನಾಳೆ!" ಎಂದು ಕೂಗಿ ಅವಳು ಅಂಗಳಕ್ಕೆ ಓಡಿದ್ದಳು.

ಮರುದಿನ ಅತ್ತೆ ಕರೆಯಲಿಲ್ಲ. ಅವಳ ಸ್ವಭಾವವೇ ಹಾಗೆ, ಒಂದು ಸಲ ಬೇಡವೆಂದ ತಟ್ಟೆಯನ್ನು ಮತ್ತೆ ಮುಂದೆ ತಳ್ಳುವವಳಲ್ಲ. ಲುವಾಳಿಗೂ ತಾನಾಗಿ ಕೇಳಲು ಬಿಗುಮಾನ. ಇಬ್ಬರೂ ಹೀಗೆ ಒಬ್ಬರನ್ನೊಬ್ಬರು ಕಾಯುತ್ತಿರುವಾಗ, ಒಂದು ಪಾಡ್ಯದ ಬೆಳಿಗ್ಗೆ, ಮುದುಕಿ ಹಿರಿಯರ ಪೀಠದ ಮುಂದೆ ನಿಂತು ಊದುಕಡ್ಡಿಯನ್ನು ತಲೆಕೆಳಗಾಗಿ ಹಿಡಿದು ಕೆಂಪು ಬುಡಕ್ಕೆ ಬೆಂಕಿ ಹಚ್ಚಿದಳು. ಪುಡಿ ಹಚ್ಚಿದ ತುದಿಯನ್ನು ಬೂದಿಬಟ್ಟಲಿಗೆ ಚುಚ್ಚಿ ಕೈಮುಗಿದಳು. ಮಿಯೆನ್ ಕಿಸಕ್ಕೆಂದಿತು. ಲುವಾಳಿಗೆ ಮಾತ್ರ ನಗು ಬರಲಿಲ್ಲ.

ಆಮೇಲೆ ಹೆಸರುಗಳು ಹೋದವು, ಮುಖಗಳು ಹೋದವು. ಹದದ ಕೋಣೆಯೊಂದು ಹೋಗಲಿಲ್ಲ. ದಿನಕ್ಕೊಮ್ಮೆ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಲುವಾ ಹಿಂದೆ ಹೋದರೆ ಎದೆಗೆ ಕೈಕೊಟ್ಟು ತಳ್ಳುತ್ತಿದ್ದಳು, ಪ್ರೀತಿಯಿಂದಲೇ. "ಆಚೆ ಆಡ್ಕೋ ಹೋಗೇ ಸೆನ್. ಇಲ್ಲೆಲ್ಲ ಬರ್ಬಾರ್ದು ನೀನು."

ಗಂಡ ಬಾಂಗ್ ಹತ್ತು ದಿನಕ್ಕೆ ಮೂರು ದಿನ ಮನೆಯಲ್ಲಿರುವವನು. ಬಂದವನೇ, "ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀಯ, ಒಂದು ಕ್ಯಾಮೆರಾ ಹಾಕಿದ್ರೆ ಆಯ್ತು" ಎಂದು ತೊಲೆಯ ಸಂದಿಯಲ್ಲಿ ಗುಂಡಿಯಷ್ಟು ಗಾತ್ರದ್ದೊಂದನ್ನು ಸಿಕ್ಕಿಸಿದ. ಮೂರು ದಿನ ನೋಡಿದರು. ಮುದುಕಿ ಒಳಗೆ ಹೋಗಿ ಭರಣಿಗಳ ನಡುವೆ ಕೂತು, ಮಡಿಲಲ್ಲಿ ಕೈಯಿಟ್ಟುಕೊಂಡು, ಗೋಡೆ ನೋಡುತ್ತಿದ್ದಳು. ಒಂದು ಮುಚ್ಚಳವನ್ನೂ ತೆಗೆಯುತ್ತಿರಲಿಲ್ಲ. ಹೇಳಿಸಿಕೊಳ್ಳುವವಳು ಎದುರಿಗಿಲ್ಲದೆ ಅವಳ ಕೈ ಏಳುತ್ತಲೇ ಇರಲಿಲ್ಲ. ಮೂರನೆಯ ದಿನ ಅವಳು ಸತ್ತುಹೋದ ತನ್ನ ಅತ್ತೆಯನ್ನು ಕೂಗಿ ಏನೋ ಕೇಳಿದಳು, ಉತ್ತರಕ್ಕೆ ಕಾದಳು. ಬಾಂಗ್ ಎದ್ದು ಹೋಗಿ ಕ್ಯಾಮೆರಾ ಕಿತ್ತು ಜೇಬಿಗೆ ಹಾಕಿಕೊಂಡ.

ಸೆನ್‌ಗೆ ಫೋನು ಮಾಡಿದ್ದೂ ಆಯಿತು. ಪರದೆಯಲ್ಲಿ ಮಗಳ ಮುಖ ಕಂಡು ಮುದುಕಿ, "ಯಾರೇ ಈ ದಪ್ಪನೆ ಹೆಂಗ್ಸು? ಮೀನು ಮಾರೋಳಾ?" ಎಂದಳು. ಸೆನ್ ಜೋರಾಗಿ ನಕ್ಕಳು. ನಗುತ್ತಲೇ ಪರದೆಯಿಂದ ಸರಿದುಹೋದಳು. ಸ್ವಲ್ಪ ಹೊತ್ತು ಅಲ್ಲಿನ ಫ್ಯಾನು, ಗೋಡೆಯ ಕ್ಯಾಲೆಂಡರು ಮಾತ್ರ ಕಂಡವು. ತಿರುಗಿ ಬಂದಾಗ ಮೂಗು ಕೆಂಪಾಗಿತ್ತು.

"ಅತ್ತಿಗೆ, ನೀವು ನನ್ನ ಕೇಳಿದ್ರೆ ಏನು ಬಂತು? ನನಗೆ ಗೊತ್ತಿರೋದು ಆ ಚಿಲಕದ ಸದ್ದು ಒಂದೇ. ಚಿಕ್ಕೋಳಿದ್ದಾಗ ಬಾಗಿಲ ಹತ್ರ ಮೂಗಿಟ್ಕೊಂಡು ನಿಂತಿದ್ದೆ. ಅಮ್ಮ ಬಾಗಿಲು ತೆಗೆದು ಕಪಾಳಕ್ಕೆ ಬಿಟ್ಳು. ಈಗ ನೋಡಿ, ನನ್ನ ಹೆಸರು ನಿಮಗೆ ಬಂದಿದೆ. ಕಪಾಳಕ್ಕೆ ಬಿದ್ದಿಲ್ಲ ತಾನೇ?"

"ಇಲ್ಲ. ತಲೆ ಬಾಚ್ತಾರೆ."

"ಬಾಚ್ತಾಳಾ?" ಎಂದಳು ಸೆನ್. ಆಮೇಲೆ ಮೆಲ್ಲಗೆ, "ಮರದ ಬಾಚಣಿಗೇಲಾ?" ಎಂದು ಕೇಳಿದಳು.

ಇದೆಲ್ಲಕ್ಕೂ ಒಂದು ಗಡುವಿತ್ತು. ಕಸುಬನ್ನು ಊರಿಗೆ ತಂದ ಮೂಲಮ್ಮನ ದಿನ ಎಂಟನೆಯ ತಿಂಗಳಲ್ಲಿ ಬರುತ್ತದೆ. ಅಂದು ಪ್ರತಿ ಮನೆಯ ಸೊಸೆ, ಆ ವರ್ಷ ಬೆರೆಸಿದ ತಮ್ಮ ಹದದ ಒಂದು ಕಟ್ಟು ತಂದು ಗುಡಿಯಲ್ಲಿ ತಮ್ಮ ಮನೆಯ ಬಟ್ಟಲಲ್ಲಿ ಹಚ್ಚಬೇಕು. ಹಚ್ಚಲಾರದ ಮನೆಯ ಬಟ್ಟಲನ್ನು ಕವುಚಿ ಹಾಕುತ್ತಾರೆ. ಕವುಚಿದ್ದನ್ನು ಮತ್ತೆ ಎತ್ತುವ ರೂಢಿ ಇಲ್ಲ. ಮೂವತ್ತೆರಡು ಬಟ್ಟಲುಗಳಲ್ಲಿ ಹನ್ನೊಂದು ಈಗಾಗಲೇ ಕವುಚಿದ್ದವು.

ಹೋದ ವರ್ಷ ಲುವಾ ಅತ್ತೆಯ ಕೈಯ ಹಳೆಯ ಪುಡಿಯನ್ನೇ ಹೊಸೆದು ಕೊಟ್ಟಿದ್ದಳು. ಗುಡಿ ನೋಡಿಕೊಳ್ಳುವ ಥೆಪ್ ತಾತ ಹೊಗೆಯನ್ನು ಮೂಸಿ ಅವಳ ಮುಖ ನೋಡಿದ್ದ, ಆದರೂ ಬಟ್ಟಲು ಕವುಚಿರಲಿಲ್ಲ. ಈ ವರ್ಷ ಹಂಡೆಯಲ್ಲಿ ಉಳಿದದ್ದು ಒಂದು ಗೇಣು ಪುಡಿ. ಲುವಾ ಅದನ್ನು ಮಾದರಿಗಿಟ್ಟುಕೊಂಡು ತಾನೇ ಬೆರೆಸತೊಡಗಿದ್ದಳು. ಆರು ಸಲ ಬೆರೆಸಿ ಆರು ಸಲವೂ ತಾತನ ಬಳಿ ಒಯ್ದಳು.

"ಚೆನ್ನಾಗಿದೆ," ಎಂದ ತಾತ ಮೊದಲನೆಯದಕ್ಕೆ. "ಪೇಟೆಗೆ ಕಳ್ಸು, ಕಣ್ಣಿಗೊತ್ಕೊಂಡು ತಗೋತಾರೆ. ಆದ್ರೆ ಇದು ನಿಮ್ಮನೇದಲ್ಲ."

ಎರಡನೆಯದಕ್ಕೆ, "ಇದು ಹ್ವೇ ಮನೇದಕ್ಕೆ ಹತ್ತಿರ ಹೋಯ್ತು. ಅವರು ಜಗಳಕ್ಕೆ ಬರ್ತಾರೆ." ನಾಲ್ಕನೆಯದಕ್ಕೆ, "ಇದರಲ್ಲಿ ಸೊಳ್ಳೆ ಓಡ್ಸಬಹುದು." ಆರನೆಯದಕ್ಕೆ ಅವನು ತಮಾಷೆ ಮಾಡಲಿಲ್ಲ. ಕಡ್ಡಿ ಪೂರ್ತಿ ಉರಿಯುವವರೆಗೂ ಕಣ್ಣು ಮುಚ್ಚಿ ಕೂತಿದ್ದ. "ಮಗಳೇ, ನಿಮ್ಮತ್ತೆ ಹದದಲ್ಲಿ ಹೊಗೆ ಮೊದಲು ಕಹಿಯಾಗಿ ಬಂದು, ಆಮೇಲೆ ಗಂಟಲಲ್ಲಿ ಸಿಹಿ ಆಗ್ತಿತ್ತು. ನಿಂದು ಮೊದಲಿಂದ ಕೊನೇವರೆಗೂ ಬರೀ ಸಿಹಿ. ಹೋದ್ವರ್ಷ ನಾನು ಕಣ್ಣು ಮುಚ್ಕೊಂಡೆ. ಪ್ರತಿ ವರ್ಷ ಮುಚ್ಕೊಂಡ್ರೆ ಸತ್ತೇ ಹೋದ ಅಂತ ಎತ್ಕೊಂಡು ಹೋಗ್ತಾರೆ."

ಅವಳು ಕೇಳಿದಳು, "ಇನ್ನೆಷ್ಟು ದಿನ ಇದೆ ತಾತ?"

"ಹತ್ತೊಂಬತ್ತು."

ಭರಣಿಗಳೂ ಅಷ್ಟೇ ಎಂದು ಅವಳಿಗೆ ದಾರಿಯಲ್ಲಿ ಹೊಳೆಯಿತು. ಹೊಳೆದದ್ದರಿಂದ ಯಾವ ಉಪಯೋಗವೂ ಆಗಲಿಲ್ಲ.

ಮರುದಿನ ಭಾನುವಾರ. ಭಾನುವಾರ ಹನೋಯ್ ಕಡೆಯಿಂದ ನೋಡಲು ಬರುವವರ ಬಸ್ಸುಗಳು ಬರುತ್ತವೆ. ಅವರಿಗೆ ಬೇಕಾದದ್ದು ಅಂಗಳ. ಕೆಂಪು ಕಡ್ಡಿಯ ಕಟ್ಟುಗಳು ದೊಡ್ಡ ದೊಡ್ಡ ಹೂವಿನ ಹಾಗೆ ಅರಳಿ ನಿಂತಿರುವಾಗ ನಡುವೆ ಕೂತು ಫೋಟೋ ತೆಗೆಸಿಕೊಳ್ಳಬೇಕು. ಕಡ್ಡಿ ತುಳಿಯಬೇಡಿ ಎಂದು ಬೇಡಿಕೊಳ್ಳುವುದು ಲುವಾಳ ಆ ದಿನದ ಕೆಲಸ.

ಅಂದು ಬಂದ ಗುಂಪಿನಲ್ಲಿ ಉಯೆನ್ ಎಂಬ ಸೈಗಾನಿನ ಹುಡುಗಿಯೊಬ್ಬಳಿದ್ದಳು. ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ಪಕ್ಕದ ಮನೆಯಲ್ಲಿ ಬಾಡಿಗೆಗೆ ಸಿಗುವ ಕೆಂಪು ಉದ್ದಂಗಿ ತೊಟ್ಟು, ತಲೆಗೆ ಮದುಮಗಳ ಹಾಗೆ ಕೆಂಪು ಸುತ್ತು ಇಟ್ಟುಕೊಂಡಿದ್ದಳು. ಮೂಗು ಸೊರಸೊರ ಎನ್ನುತ್ತಿತ್ತು. "ಅಕ್ಕಾ, ಪ್ಲೀಸ್, ಆ ಏಣಿ ಹತ್ತಿ ಮೇಲಿಂದ ತೆಗೀತೀರಾ? ಸುತ್ತ ಬರೀ ಕೆಂಪು ಬರ್ಬೇಕು, ನಾನು ಮಧ್ಯದಲ್ಲಿ" ಎಂದು ತನ್ನ ಫೋನನ್ನು ಲುವಾಳ ಕೈಗಿತ್ತಳು. ಲುವಾ ಅಂಟು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಏಣಿ ಹತ್ತಿದಳು.

ಐದಾರು ಫೋಟೋ ಆಗಿತ್ತು. ಆಗ ಮುದುಕಿ ಹೊಸಿಲಿಗೆ ಬಂದಳು. ಕೆಂಪು ಕಡ್ಡಿಗಳ ನಡುವೆ ಕೆಂಪು ಅಂಗಿ ತೊಟ್ಟು ನಿಂತ ಹುಡುಗಿಯನ್ನು ಕಂಡಳು. ಅವಳ ಕೈಯ ಬಾಚಣಿಗೆ ಕೆಳಗಿಳಿಯಿತು. ಮುಖ ಬಿಗಿಯಿತು, ತುಟಿ ಒಂದು ಗೆರೆಯಾಯಿತು. ಲುವಾ ಏಣಿಯ ಮೇಲಿಂದ ನೋಡುತ್ತಿದ್ದಳು. ಆ ಮುಖವನ್ನು ಅವಳು ಹದಿನಾಲ್ಕು ವರ್ಷ ದಿನವೂ ಕಂಡಿದ್ದಳು. ಅದು ಸೊಸೆಗೆಂದೇ ಇಟ್ಟುಕೊಂಡಿದ್ದ ಮುಖ.

"ಇಷ್ಟೊತ್ತಾ ಬರೋಕೆ?" ಎಂದಳು ಮುದುಕಿ ಹುಡುಗಿಗೆ. "ಕೈ ತೊಳ್ಕೊಂಡ್ಯಾ? ಬಾ ಲುವಾ, ಒಳಗೆ."

ಎರಡು ವರ್ಷದ ಮೇಲೆ ಅತ್ತೆ ತನ್ನ ಹೆಸರು ಹಿಡಿದು ಕರೆದದ್ದು ಕೇಳಿ ಲುವಾ ಅಲ್ಲೇ, "ಬಂದೆ ಅಮ್ಮಾ" ಎಂದುಬಿಟ್ಟಳು. ಮುದುಕಿ ತಲೆಯೆತ್ತಿಯೂ ನೋಡಲಿಲ್ಲ.

"ಅಯ್ಯೋ, ಅಜ್ಜಿ ಎಷ್ಟು ಮುದ್ದಾಗಿದಾರೆ!" ಎಂದು ಉಯೆನ್ ಗೆಳತಿಯರ ಕಡೆ ನೋಡಿ ಕಣ್ಣು ಮಿಟುಕಿಸಿ, ಅಜ್ಜಿ ಹಿಡಿದ ಕೈಯನ್ನು ಬಿಡಿಸಿಕೊಳ್ಳದೆ ಹಿಂದೆಯೇ ಹೋದಳು. ಲುವಾ ಏಣಿಯಿಂದ ಇಳಿಯುತ್ತ ಎರಡು ಮೆಟ್ಟಿಲು ತಪ್ಪಿಸಿ ಮೊಣಕಾಲು ತರಚಿಕೊಂಡಳು. ಕಡ್ಡಿ ತುಳಿಯಬೇಡಿ ಎಂದು ಎಲ್ಲರಿಗೂ ಹೇಳುವವಳು ತಾನೇ ಎರಡು ಕಟ್ಟು ತುಳಿದು ಓಡಿದಳು. ಅವಳು ನಡುಮನೆ ದಾಟುವ ಹೊತ್ತಿಗೆ ಒಳಗಿಂದ ಚಿಲಕ ಬಿತ್ತು.

ಬಾಗಿಲಿಗೆ ಕಿವಿಯಿಟ್ಟಳು. ಪುಡಿಗೆ ಥಂಡಿ ತಾಗದಿರಲೆಂದು ಬಾಗಿಲ ಸಂದಿಗೆಲ್ಲ ಬಟ್ಟೆ ಗಿಡಿದು ಮುಚ್ಚಿದವಳೂ ಅವಳೇ. ಅತ್ತೆಯ ದನಿ ಗುಣುಗುಣು ಎಂದು ಕೇಳುತ್ತಿತ್ತು, ಒಂದು ಮಾತೂ ಬಿಡಿಯಾಗಿ ಸಿಗುತ್ತಿರಲಿಲ್ಲ. ಮುಚ್ಚಳಗಳ ಸದ್ದು ಮಾತ್ರ ಸ್ಪಷ್ಟವಾಗಿತ್ತು. ಅವಳು ಎಣಿಸಿದಳು. ಒಂದು, ಎರಡು. ಸ್ವಲ್ಪ ಹೊತ್ತು ಬಿಟ್ಟು ಮೂರು. ಹುಡುಗಿ ಸೀನಿದಳು. ನಾಲ್ಕು.

"ಅಮ್ಮಾ," ಎಂದು ಲುವಾ ಬಾಗಿಲು ತಟ್ಟಿದಳು. "ಅಮ್ಮಾ, ನಾನೂ ಬರ್ತೀನಿ. ಬಾಗ್ಲು ತೆಗೀರಿ."

ಒಳಗೆ ಸದ್ದು ನಿಂತಿತು. "ಸೆನ್, ಹೊರಗೆ ಆಡ್ಕೋ ಹೋಗು. ಇದು ನಿನಗಲ್ಲ ಬಂಗಾರಿ" ಎಂದಳು ಮುದುಕಿ. ದನಿಯಲ್ಲಿ ಎಷ್ಟು ಅಕ್ಕರೆಯಿತ್ತೆಂದರೆ ಲುವಾ ಮತ್ತೆ ತಟ್ಟಲು ಎತ್ತಿದ ಕೈ ಹಾಗೇ ನಿಂತಿತು. ಬಾಗಿಲು ಒಡೆದರೆ ಮುದುಕಿ ಬೆದರಿ ಅಲ್ಲಿಗೇ ಎಲ್ಲ ಮರೆತುಬಿಡುತ್ತಾಳೆ. ಒಡೆಯದಿದ್ದರೆ ಹೇಳುತ್ತಾಳೆ, ಆದರೆ ತನಗಲ್ಲ. ಲುವಾ ತನ್ನ ಕೈ ನೋಡಿಕೊಂಡಳು. ಉಯೆನ್‌ಳ ಫೋನು ಅದರಲ್ಲೇ ಇತ್ತು. ಒಳಗಿನ ಮಾತನ್ನೆಲ್ಲ ಹಿಡಿದಿಡಬಹುದಾಗಿದ್ದ ಒಂದೇ ಒಂದು ವಸ್ತು ಬಾಗಿಲ ಈಚೆ ತನ್ನ ಬೆವರು ಕೈಯಲ್ಲಿ, ಕೆಂಪು ಅಂಗಳದ ಆರು ಫೋಟೋ ತುಂಬಿಕೊಂಡು ಕೂತಿತ್ತು.

ಹನ್ನೆರಡು ಮುಚ್ಚಳ ಎಣಿಸಿದಳು. ಹದಿಮೂರೋ ಏನೋ, ಅಷ್ಟರಲ್ಲಿ ಹೊರಗೆ ಬಸ್ಸು ಹಾರ್ನ್ ಹೊಡೆಯಿತು.

ಬಾಗಿಲು ತೆಗೆದಾಗ ಉಯೆನ್ ಕಣ್ಣಲ್ಲಿ ನೀರು ಸುರಿಸುತ್ತ, ಸೀನುತ್ತ, ನಗುತ್ತ ಬಂದಳು. ಲುವಾ ಅವಳ ಎರಡೂ ತೋಳು ಹಿಡಿದುಕೊಂಡಳು.

"ಏನು ಹೇಳಿದ್ರು? ಮೊದಲಿಂದ ಹೇಳಮ್ಮ, ಒಂದೂ ಬಿಡದೆ."

"ಅಯ್ಯೋ ಅಕ್ಕಾ, ನಿಮ್ಮ ಕಡೆ ಮಾತು ನನಗೆ ಅರ್ಧಾನೂ ತಿಳಿಯಲ್ಲ. ಅದರಲ್ಲೂ ಅಜ್ಜಿಗೆ ಹಲ್ಲಿಲ್ಲ. ನಾನು ಹೂಂ ಹೂಂ ಅಂದೆ. ಒಂದೊಂದು ಡಬ್ಬಿನೂ ಮೂಸಿಸಿದ್ರು. ನನಗೆ ಬಸ್ಸಿನ ಏಸಿಯಿಂದ ಎರಡು ದಿನ ಆಯ್ತು ಮೂಗು ಕಟ್ಟಿ..."

"ಮೊದಲು ಯಾವುದು ತೆಗೆದ್ರು?"

"ಕಂದು ಬಣ್ಣದ್ದು."

"ಎಲ್ಲಾ ಕಂದೇ ಕಣಮ್ಮ. ಯಾವ ಸಾಲಿಂದ? ಮೇಲಿನ ಸಾಲಾ, ಕೆಳಗಿನದಾ?"

"ಕೆಳಗೆ... ಅಲ್ಲ, ಮೇಲೆ. ಅಕ್ಕಾ, ಕೈ ನೋಯ್ತಿದೆ."

ಲುವಾ ಹಿಡಿತ ಸಡಿಲಿಸಿದಳು. ಆಗ ಅವಳಿಗೆ ಹೊಳೆಯಿತು. "ಅಂಗೈ! ಅಂಗೈಗೆ ಹಾಕಿದ್ರಾ? ತೋರ್ಸು." ಊದಿದರೂ ಗೆರೆಗಳ ಸಂದಿಯಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ. ಅಷ್ಟಿದ್ದರೆ ಸಾಕು, ಮಿಕ್ಕದ್ದನ್ನು ತನ್ನ ಮೂಗು ನೋಡಿಕೊಳ್ಳುತ್ತದೆ. ಹುಡುಗಿಯ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದು ಮುಖಕ್ಕೆ ಒತ್ತಿಕೊಂಡು ಉಸಿರೆಳೆದಳು.

ನಿಂಬೆ. ಸ್ಪಿರಿಟ್. ಮತ್ತೆ ನಿಂಬೆ.

"ಈಗಷ್ಟೇ ಒರೆಸ್ಕೊಂಡೆ," ಎಂದು ಉಯೆನ್ ಚೀಲದಿಂದ ಸ್ಯಾನಿಟೈಸರಿನ ಪುಟ್ಟ ಬಾಟಲಿ ತೆಗೆದು ತೋರಿಸಿದಳು. "ತುಂಬ ಅಂಟಂಟಾಗಿತ್ತು. ನಿಮಗೂ ಬೇಕಾ?"

ಹೊರಗೆ ಬಾವುಟ ಹಿಡಿದ ಬಸ್ಸಿನ ಗೈಡು ಉಯೆನ್‌ಳ ಹೆಸರು ಕೂಗುತ್ತಿದ್ದ. ಅವಳು ಫೋನು ತೆಗೆದುಕೊಂಡು ನಾಲ್ಕು ಹೆಜ್ಜೆ ಹೋದವಳು ತಿರುಗಿದಳು. ಪಾಪ, ಅವಳಿಗೂ ಏನೋ ತಪ್ಪಾಗಿದೆ ಎನ್ನುವಷ್ಟು ಗೊತ್ತಾಗಿತ್ತು. "ಅಕ್ಕಾ, ಒಂದು ನೆನಪಿದೆ. ಅಜ್ಜಿ ಮೂರು ಸಲ ಹೇಳಿಸಿದ್ರು. ನಾಲ್ಕನೇದು ಹಾಕುವಾಗ ಉಸಿರು ಹಿಡ್ಕೋಬೇಕಂತೆ. ಅದು ಕಹಿಯಂತೆ."

"ನಾಲ್ಕನೇದು ಯಾವುದು?"

ಉಯೆನ್ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಹುಬ್ಬು ಗಂಟಿಕ್ಕಿ. "ಅದೇ... ಕಂದು ಬಣ್ಣದ್ದು," ಎಂದು ಅಳುಮುಖ ಮಾಡಿಕೊಂಡು ಓಡಿದಳು.

ಲುವಾ ಕೋಣೆಯೊಳಗೆ ಹೋದಳು. ಹತ್ತೊಂಬತ್ತು ಭರಣಿಗಳೂ ಮುಚ್ಚಳ ಬಿಗಿದುಕೊಂಡು, ಒರೆಸಿಟ್ಟ ಹಾಗೆ, ತಮ್ಮ ತಮ್ಮ ಜಾಗದಲ್ಲಿದ್ದವು. ಅತ್ತೆ ಕೆಲಸ ಮಾಡಿದ ಜಾಗ ಯಾವಾಗಲೂ ಹಾಗೆಯೇ. ಮಂಡಿಯೂರಿ ನೆಲಕ್ಕೆ ಮೂಗಿಟ್ಟು ಮೂಸಿದಳು. ನಲವತ್ತು ವರ್ಷದಿಂದ ಊದಿದ ಪುಡಿಯೆಲ್ಲ ಆ ನೆಲದಲ್ಲೇ ಇತ್ತು, ಒಂದರೊಳಗೊಂದು ಕಲೆತು ಹೋಗಿತ್ತು.

ಹಿಂದಿನಿಂದ ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟಳು. ಮುದುಕಿಯ ಮುಖ ತಿಳಿಯಾಗಿತ್ತು, ದೊಡ್ಡ ಮೂಟೆಯೊಂದನ್ನು ಇಳಿಸಿ ಬಂದವಳ ಹಾಗೆ.

"ಏಳೇ ಸೆನ್, ಏನು ಹುಡುಕ್ತಿದ್ದೀ? ಹೇಳ್ಬಿಟ್ಟೆ ಕಣೇ. ಸೊಸೆಗೆ ಎಲ್ಲಾ ಹೇಳ್ಬಿಟ್ಟೆ. ಒಂದು ದಿನ ಕರೆದಿದ್ದೆ, ಮಳೆ ಬಂತು ಅಂತ ಓಡ್ಹೋದ್ಳು. ನನಗೂ ಹಟ. ಇವತ್ತು ಹಟ ಬಿಟ್ಟು ನಾನೇ ಕರೆದೆ. ಇನ್ನು ನಾನು ಯಾವಾಗ ಹೋದ್ರೂ ಸೈ."

ಆ ಮಧ್ಯಾಹ್ನ ಅವಳು ಮಗುವಿನ ಹಾಗೆ ನಿದ್ದೆ ಮಾಡಿದಳು. ಮರುದಿನದಿಂದ ಹದದ ಕೋಣೆಯ ಕಡೆ ತಲೆ ಹಾಕಲಿಲ್ಲ. ಅವಳ ಪಾಲಿನ ಕೆಲಸ ಅಲ್ಲಿಗೆ ಮುಗಿದಿತ್ತು.

ಉಪಾಯ ಹೇಳಿದವಳು ಮಿಯೆನ್. ಹದಿಮೂರು ವರ್ಷದ ಹುಡುಗಿಗೆ ಎಲ್ಲವೂ ಸುಲಭ. "ಅಮ್ಮಾ, ಅಜ್ಜಿ ಗುರುತಿಟ್ಕೊಂಡಿರೋದು ಕೆಂಪು ಬಟ್ಟೇನ. ನಿನ್ನ ಮದುವೆ ಅಂಗಿ ಇದೆಯಲ್ಲ? ಅದನ್ನ ಹಾಕ್ಕೊಂಡು ಅದೇ ಜಾಗದಲ್ಲಿ ನಿಂತ್ಕೋ. ಇನ್ನೊಂದು ಸಲ ಹೇಳೇ ಹೇಳ್ತಾರೆ. ಬೇಕಾದ್ರೆ ಫೋನ್ ಜೇಬಲ್ಲಿ ಇಟ್ಕೋ."

ಪೆಟ್ಟಿಗೆಯ ತಳದಿಂದ ಅಂಗಿ ಹೊರಗೆ ಬಂತು. ನುಸಿಗುಳಿಗೆಯ ವಾಸನೆ. ಸೊಂಟದ ಹತ್ತಿರ ಒಂದು ಗೇಣು ಕೂಡಲಿಲ್ಲ. ಮಿಯೆನ್ ಪಿನ್ನು ಹಾಕಿ, ಮೇಲೆ ಶಾಲು ಹೊದಿಸಿ, "ಉಸಿರು ಜಾಸ್ತಿ ಎಳೀಬೇಡ, ಪಿನ್ನು ಹಾರಿ ಅಜ್ಜಿ ಕಣ್ಣಿಗೆ ಬೀಳುತ್ತೆ" ಎಂದಿತು. ಇಬ್ಬರೂ ನಕ್ಕರು. ಫೋನನ್ನು ಅಂಗಿಯ ತೋಳಿನೊಳಗೆ ಸೇರಿಸಿದ್ದಾಯಿತು. ಲುವಾ ಅಂಗಳಕ್ಕೆ ಹೋಗಿ ಕೆಂಪು ಕಡ್ಡಿಗಳ ನಡುವೆ, ಆ ಹುಡುಗಿ ನಿಂತಿದ್ದ ಜಾಗದಲ್ಲೇ, ನಿಂತಳು. ಹದಿನಾರು ವರ್ಷದ ಹಿಂದೆ ಇದೇ ಅಂಗಿಯಲ್ಲಿ ಈ ಅಂಗಳಕ್ಕೆ ಕಾಲಿಟ್ಟಿದ್ದಳು. ಆಗ ಅವಳು ಅತ್ತೆಯ ಆ ಬಿಗಿದ ಮುಖ ಕಂಡು ಹೆದರಿದ್ದಳು. ಇವತ್ತು ಅದನ್ನೇ ಬೇಡಿಕೊಳ್ಳುತ್ತಿದ್ದಳು. ಒಂದು ಸಲ, ಒಂದೇ ಒಂದು ಸಲ ನನ್ನ ಮೇಲೆ ಸಿಡುಕು ಅಮ್ಮಾ.

ಮುದುಕಿ ಬಾಚಣಿಗೆ ಹಿಡಿದು ಹೊಸಿಲಿಗೆ ಬಂದಳು. ನೋಡಿದಳು.

ಮುಖ ಬಿಗಿಯಲಿಲ್ಲ. ಮೊದಲು ಗಲ್ಲ ನಡುಗಿತು, ಆಮೇಲೆ ಕಣ್ಣು ತುಂಬಿತು. ಕಡ್ಡಿಗಳನ್ನು ತಪ್ಪಿಸಿ ತಪ್ಪಿಸಿ ಮೆಲ್ಲಗೆ ಬಂದು ಲುವಾಳ ಕೆನ್ನೆಗೆ ಕೈಯಿಟ್ಟಳು.

"ಇವತ್ತೇನಾ?" ಎಂದಳು. "ಇಷ್ಟು ಬೇಗ ದಿನ ಬಂತಾ ಸೆನ್? ಗಂಡಿನ ಕಡೆಯೋರು ದೋಣಿ ಇಳಿದ್ರಾ?"

"ಅಮ್ಮಾ." ಲುವಾ ಆ ಕೈಯನ್ನು ಹಿಡಿದುಕೊಂಡಳು. "ಅಮ್ಮಾ, ನೋಡಿ, ನಾನು ಲುವಾ. ನಿಮ್ಮ ಸೊಸೆ. ಇದೇ ಅಂಗಿ, ನೀವೇ ಹೂವು ಸರಿಮಾಡಿದ್ರಿ. ಕೈ ತೊಳ್ಕೊಂಡು ಬಂದಿದೀನಿ. ಒಳಗೆ ಕರ್ಕೊಂಡು ಹೋಗಿ. ಹದ ಹೇಳಿ ಅಮ್ಮಾ."

ಮುದುಕಿ ಅವಳನ್ನು ಹೊಸಿಲಿನವರೆಗೆ ನಡೆಸಿಕೊಂಡು ಬಂದು, ಭುಜ ಒತ್ತಿ ಕೂರಿಸಿ, ಹಿಂದೆ ಕೂತಳು. ಜಡೆ ಬಿಚ್ಚಿದಳು.

"ಹೋಗೋ ದಿನಾನೂ ಅದನ್ನೇ ಕೇಳ್ತೀಯಲ್ಲೇ," ಎಂದಳು ಮೂಗೆಳೆದುಕೊಳ್ಳುತ್ತ. "ನಿನಗೆ ಹೇಳೋ ಹಾಗಿಲ್ಲ ಕಣೇ. ಹೇಳಿದ್ರೆ ನಮ್ಮತ್ತೆ ಮೇಲಿಂದ ಇಳಿದು ಬಂದು ಬೈತಾಳೆ. ಅಲ್ಲಿ ನಿನ್ನತ್ತೆ ಹೇಳ್ತಾಳೆ. ಈಗ್ಲೇ ಹೇಳಲ್ಲ, ಸತಾಯಿಸ್ತಾಳೆ, ಮುಖ ಗಂಟಿಕ್ಕೊಂಡಿರ್ತಾಳೆ. ಹೆದರ್ಬೇಡ. ಅದು ಅತ್ತೆಯಾದೋಳು ಮಾಡ್ಬೇಕಾದ್ದು, ಮಾಡ್ತಾಳೆ. ಒಂದಿನ ಬಾಗಿಲಲ್ಲಿ ನಿಂತು ಕೈ ತೊಳ್ಕೊಂಡು ಬಾ ಅಂತಾಳೆ. ಆವತ್ತು ಕೈಲಿ ಎಂಥ ಕೆಲಸ ಇದ್ರೂ ಬಿಟ್ಟು ಹೋಗು. ನಾಳೆ ಅನ್ಬೇಡ. ತಿಳೀತಾ?"

"ತಿಳೀತು," ಎಂದಳು ಲುವಾ.

ತೋಳಿನೊಳಗೆ ಫೋನು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿತ್ತು. ಬಾಚಣಿಗೆ ನೆತ್ತಿಯಿಂದ ಇಳಿಯುತ್ತಿತ್ತು. ನದಿಯ ಕಡೆಯಿಂದ ಗಾಳಿ ತಣ್ಣಗಾಯಿತು, ಮಿಯೆನ್ ಹಿತ್ತಿಲಿಂದ "ಅಮ್ಮಾ, ಹನಿ ಬಿತ್ತು! ಕಡ್ಡಿ!" ಎಂದು ಕೂಗಿತು. ಲುವಾಳ ಕಾಲು ತಾನಾಗಿ ಏಳಲು ಹೋಯಿತು. ಕೂದಲು ಅತ್ತೆಯ ಮುಷ್ಟಿಯೊಳಗಿತ್ತು.

"ಅಲ್ಲಾಡ್ಬೇಡ್ವೇ," ಎಂದಳು ಮುದುಕಿ. "ಬೈತಲೆ ಸೊಟ್ಟ ಆಗುತ್ತೆ."